ಮೇಲೇರಿದ ಗುಡ್ಡ

ಗುಡ್ಡ ಕೆಳಗೆ ಜಾರುವುದನ್ನು ಅಳೆಯಲೆಂದು ಸರ್ಕಾರ ಸಂಬಳ ಕೊಟ್ಟು ಇಟ್ಟುಕೊಂಡ ಮನುಷ್ಯ, ಗುಡ್ಡ ಮೇಲಕ್ಕೆ ಹತ್ತುತ್ತಿದೆ ಎಂದು ವರದಿ ಕಳಿಸಿದರೆ ಯಾರು ತಾನೇ ನಗುವುದಿಲ್ಲ? ಕೇಂದ್ರ ಕಚೇರಿಯಲ್ಲಿ ಮೊದಲನೆಯ ವರದಿಗೆ ನಕ್ಕರು. ಎರಡನೆಯದಕ್ಕೂ ನಕ್ಕರು. ಮೂರನೆಯದು ಬಂದಾಗ ನಿರ್ದೇಶಕರು ನಗು ನಿಲ್ಲಿಸಿ ಅಳತೆ ತಪಾಸಣೆಯ ಮೇಡಂ ಅವರನ್ನು ಒಳಗೆ ಕರೆಸಿದರು.

"ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟಿ ಅಂತ ಹೇಳ್ಕೊಂಡು ನಾನೆಷ್ಟು ದಿನ ಕೂರೋದು ಮೇಡಂ? ನಿಮ್ಮ ಗುಡ್ಡಪ್ಪನಿಗೆ ಏನಾಗಿದೆ?"

"ನಮ್ಮ ಗುಡ್ಡಪ್ಪ ಯಾಕಾದ? ಇಲಾಖೆಯವನು."

"ನಿಮ್ಮನ್ನ ಅತ್ತಿಗೆ ಅಂತಾನಲ್ಲ, ಅದಕ್ಕಂದೆ. ನೋಡಿ, ಹೋಗಿ ಬನ್ನಿ. ಹೊರಗಿನವರಿಗೆ ಯಂತ್ರ ತಪಾಸಣೆ ಅನ್ನಿ. ನನಗೆ ಬೇಕಾಗಿರೋದು ಒಂದೇ ಮಾತು. ಅವನು ಅಂಕಿ ತಿದ್ದುತ್ತಿದ್ದಾನೋ ಇಲ್ಲವೋ. ತಿದ್ದಿದ್ರೆ ಅವನು ಮನೆಗೆ, ಆ ಕೇಂದ್ರಕ್ಕೆ ಬೀಗ."

"ಬೇರೆ ಯಾರನ್ನಾದರೂ ಕಳಿಸಬಾರದೇ?"

"ಮೊಸರಲ್ಲಿ ಕಲ್ಲು ಹುಡುಕೋರು ಇನ್ಯಾರಿದ್ದಾರೆ ನಮ್ಮಲ್ಲಿ?"

ಮೇಡಂ ಅವರ ಮುಖ ಬಿಗಿಯಿತು. ಬೆನ್ನ ಹಿಂದೆ ಎಲ್ಲರೂ ತಮ್ಮನ್ನು ಸಂಶಯದಮ್ಮ ಎನ್ನುತ್ತಾರೆಂದು ಅವರಿಗೆ ಗೊತ್ತಿತ್ತು. ಇನ್ನೊಬ್ಬರು ಮಾಡಿದ ಅಳತೆಯನ್ನು ತಾವೂ ಒಮ್ಮೆ ಮಾಡಿ ನೋಡದೆ ಸಹಿ ಹಾಕಿದವರಲ್ಲ. ಆದರೆ ಗುಡ್ಡಪ್ಪ ಬೇರೆ. ಅವರ ಯಜಮಾನರು ಇದೇ ಇಲಾಖೆಯಲ್ಲಿ ಭೂವಿಜ್ಞಾನಿಯಾಗಿದ್ದವರು. ಅವರ ಕೈಯಲ್ಲೇ ಪಳಗಿದ ಹುಡುಗ ಈತ, ಯಜಮಾನರನ್ನು ಅಣ್ಣ ಎಂದೇ ಕರೆಯುತ್ತಿದ್ದ. ಅವರು ಆಸ್ಪತ್ರೆಯಲ್ಲಿ ಕೊನೆಯ ಸಲ ಮಲಗಿದ್ದಾಗ ಇವನು ದಿನಾ ಬಂದು ಬಾಗಿಲಾಚೆ ಬೆಂಚಿನ ಮೇಲೆ ಕೂತಿರುತ್ತಿದ್ದ. ಒಳಗೆ ಬಂದು ಮಾತಾಡಿಸುತ್ತಿರಲಿಲ್ಲ. "ನೀವು ಸ್ವಲ್ಪ ಕಣ್ಣು ಮುಚ್ಚಿ ಅತ್ತಿಗೆ, ನಾನಿದ್ದೀನಿ" ಎಂದು ಮಾತ್ರ ಹೇಳುತ್ತಿದ್ದ. ಅಂಥವನು ಅಂಕಿ ತಿದ್ದುತ್ತಾನೆಯೇ?

ತಿದ್ದಬಹುದು ಎಂದಿತು ಇನ್ನೊಂದು ಮನಸ್ಸು. ಹಿಂದೊಮ್ಮೆ ಇವನು ಗುಡ್ಡ ಬಿದ್ದೇಬಿಡುತ್ತದೆ ಎಂದು ಹೆದ್ದಾರಿ ಮುಚ್ಚಿಸಿದ್ದ. ಮಳೆಗಾಲ ಮುಗಿದರೂ ಒಂದು ಕಲ್ಲು ಉರುಳಲಿಲ್ಲ. ಪತ್ರಿಕೆಯವರು ಇವನು ಗುಡ್ಡವನ್ನು ಹಗ್ಗ ಕಟ್ಟಿ ಹಿಡಿದು ನಿಂತ ಚಿತ್ರ ಬರೆದು ನಗೆಪಾಟಲು ಮಾಡಿದರು. ಗುಡ್ಡಪ್ಪ ಎಂಬ ಹೆಸರು ಅಂಟಿಕೊಂಡದ್ದು ಆಗಲೇ. ಹಾಗೆ ಒಮ್ಮೆ ಕೈಸುಟ್ಟುಕೊಂಡವನು, ಈ ಸಲ ಗುಡ್ಡ ಗಟ್ಟಿಯಾಗಿದೆ ಎಂದು ತೋರಿಸುವ ಆತುರದಲ್ಲಿ ಅಂಕಿಗಳನ್ನು ತಳ್ಳಿ ತಳ್ಳಿ ಗುಡ್ಡವನ್ನೇ ಹತ್ತಿಸಿಬಿಟ್ಟನೇನೋ.

ದಾರಿಯಲ್ಲಿ ಜೀಪು ನಿಲ್ಲಿಸಿದ ಟೀ ಅಂಗಡಿಯಲ್ಲೇ ಅನುಮಾನಕ್ಕೆ ಮೊದಲ ನೀರು ಬಿತ್ತು. ಲೋಟ ತಂದಿಟ್ಟ ಹೆಂಗಸು ಬೇರೆ ಯಾರೂ ಅಲ್ಲ, ಗುಡ್ಡಪ್ಪನಿದ್ದ ಅಳತೆ ಕೇಂದ್ರದ ಅಡುಗೆಯಾಕೆ.

"ನೀನಿಲ್ಲಿ? ಅಲ್ಲಿ ಯಾರು ಅಡುಗೆ ಮಾಡ್ತಾರೆ?"

"ಗಾಳಿ ಕುಡೀತಾರೇನೋ, ನನಗೇನು ಗೊತ್ತು!" ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಅಷ್ಟು ವರ್ಷ ನನ್ನ ಕೈ ಊಟ ಮಾಡಿದ ಮನುಷ್ಯ, ಒಂದಿನ ತಟ್ಟೆ ಮುಂದಿಟ್ಕೊಂಡು, ಉಪ್ಪಿಲ್ಲ, ನಾಳೆಯಿಂದ ಬರಬೇಡ ಅಂದುಬಿಟ್ಟರು. ಉಪ್ಪು ಸರಿಯಾಗೇ ಇತ್ತಮ್ಮ. ನಾನೂ ತಿಂದು ನೋಡಿದೆ."

"ಜಗಳ ಏನಾದರೂ ಆಗಿತ್ತಾ?"

"ಜಗಳ ಆಡಿದ್ರೆ ಬೇಜಾರೇ ಇರ್ತಿರಲಿಲ್ಲ. ಈ ಅಂಗಡೀಲಿ ಕೆಲಸ ಹೇಳಿಟ್ಟು ಬಂದಿದ್ದೂ ಅವರೇ. ಓಡಿಸೋದು ಒಂದು ಕೈ, ದಾರಿ ತೋರಿಸೋದು ಇನ್ನೊಂದು ಕೈ. ಅವರ ತಲೇಲಿ ಏನು ಓಡ್ತಿದೆಯೋ!"

ಮೇಡಂ ಟೀ ಅರ್ಧಕ್ಕೇ ಬಿಟ್ಟು ಎದ್ದರು.

ಗುಡ್ಡದ ಒಂದು ಮಗ್ಗುಲಲ್ಲಿ, ನದಿಯ ಕಡೆಗೆ ಚಾಚಿಕೊಂಡ ಬಂಡೆಯ ಹಾಸಿನ ಮೇಲೆ ಕೇಂದ್ರವಿತ್ತು. ಉದ್ದನೆಯ ಕಟ್ಟಡ, ಹಿಂದೆ ಅಡುಗೆಮನೆ, ಪಕ್ಕದಲ್ಲಿ ಸಿಬ್ಬಂದಿಯ ಎರಡು ಮನೆಗಳು. ಅಂಗಳದ ಅಂಚಿನಲ್ಲಿ ಎದೆಯೆತ್ತರದ ಸಿಮೆಂಟಿನ ಕಂಬ. ಯಜಮಾನರು ನಿಂತು ಹಾಕಿಸಿದ ಕಂಬ ಅದು. ಅಳತೆ ಯಂತ್ರವನ್ನು ಅದರ ತಲೆಯ ಮೇಲೆ ಕೂರಿಸಿ, ಗುಡ್ಡದ ಮೈತುಂಬ ನೆಟ್ಟ ಗಾಜಿನ ಕಣ್ಣುಗಳತ್ತ ಬೆಳಕು ಬಿಟ್ಟರೆ, ಪ್ರತಿಯೊಂದು ಕಣ್ಣು ಎಷ್ಟು ದೂರ, ಎಷ್ಟು ಎತ್ತರದಲ್ಲಿದೆ ಎಂದು ತಿಳಿಯುತ್ತದೆ. ಕಣ್ಣು ಜಾರಿದರೆ ಗುಡ್ಡ ಜಾರಿದಂತೆ. ಕಂಬ ಸರಿಯಾಗಿದೆಯೋ ನೋಡಲು ಅಡುಗೆಮನೆಯ ಹಿಂದೆ ಇನ್ನೊಂದು ಕಂಬ. ಅದಕ್ಕೆ ಸಾಕ್ಷಿಕಂಬ ಎಂದು ಹೆಸರು. ಮೊದಲು ಸಾಕ್ಷಿಯನ್ನು ನೋಡು, ಆಮೇಲೆ ಗುಡ್ಡವನ್ನು ನೋಡು ಎಂಬುದು ಯಜಮಾನರು ಕಲಿಸಿಕೊಟ್ಟ ಕ್ರಮ. ಇಲಾಖೆಯಲ್ಲಿ ಯಾರೂ ಅದನ್ನು ತಪ್ಪಿಸುತ್ತಿರಲಿಲ್ಲ.

ಜೀಪಿನ ಸದ್ದಿಗೆ ಗುಡ್ಡಪ್ಪ ಓಡಿಬಂದ. ಕಣ್ಣು ಒಳಗಿಳಿದಿತ್ತು, ಗಡ್ಡ ಬೆಳೆದಿತ್ತು.

"ಅತ್ತಿಗೆ! ಹೇಳದೆ ಕೇಳದೆ ಬಂದಿದ್ದೀರಿ?"

"ತಪಾಸಣೆ ಅಂದ್ರೆ ಲಗ್ನಪತ್ರಿಕೆ ಹಂಚಿ ಬರಬೇಕಾ?"

ಅವನು ನಕ್ಕ, ನಗು ಕಣ್ಣಿನವರೆಗೆ ಹೋಗಲಿಲ್ಲ. ಅವರ ಚೀಲವನ್ನು ಇಳಿಸಿಕೊಳ್ಳುವ ಬದಲು ಜೀಪಿನೊಳಗೇ ಹಿಂದಕ್ಕೆ ಸರಿಸಿದ. "ಇಲ್ಲಿ ಅಡುಗೆಯೋರಿಲ್ಲ, ನೀರಿನ ಪಂಪು ಕೈಕೊಡ್ತಿದೆ. ಪೇಟೇಲಿ ಒಳ್ಳೆ ರೂಮು ಹೇಳ್ತೀನಿ. ಹಗಲು ಬನ್ನಿ, ಸಂಜೆ ಹೋಗಿ."

"ನಿನ್ನ ಅಣ್ಣನ ಜೊತೆ ಡೇರೆಯಲ್ಲಿ ಇದ್ದವಳು ನಾನು. ಚೀಲ ಇಳಿಸು."

ಇಳಿಸಿದ. ಆದರೆ ಅತಿಥಿ ಕೋಣೆಗೆ ಬೀಗ ಹಾಕಿತ್ತು. ನದಿಯ ಕಡೆಯ ಕೋಣೆಗಳಿಗೆಲ್ಲ ಬೀಗ. ಮುಂಬಾಗಿಲ ಪಕ್ಕದ ಸಣ್ಣ ಕೋಣೆಯಲ್ಲಿ ಮಂಚ ಹಾಕಿಸಿ, ಬೆನ್ನಿಗೆ ಒಳ್ಳೆಯದೆಂದು ತನ್ನ ಗಟ್ಟಿ ಹಾಸಿಗೆಯನ್ನೇ ತಂದು ಹಾಸಿದ. ಬಿಸಿನೀರಿನ ಫ್ಲಾಸ್ಕು ಇಟ್ಟ. ತಾನು ಜಗಲಿಯ ಮೇಲೆ, ಅವರ ಬಾಗಿಲಿಗೆ ಎದುರಾಗಿ ಚಾಪೆ ಬಿಚ್ಚಿದ. ಉಪಚಾರವೋ ಕಾವಲೋ ಮೇಡಂ ಅವರಿಗೆ ತಿಳಿಯಲಿಲ್ಲ. ಕೋಣೆಯ ಬಾಗಿಲು ಚೌಕಟ್ಟಿಗೆ ಹೊಂದುತ್ತಿರಲಿಲ್ಲ. ಎಷ್ಟು ಎಳೆದರೂ ಚಿಲಕ ಕೂರದು.

"ಮರ ಉಬ್ಬಿದೆ" ಎಂದ ಗುಡ್ಡಪ್ಪ, ನೆಲ ನೋಡುತ್ತ.

ಬಿಸಿಲಿಗೆ ಬಿರಿಯುತ್ತಿದ್ದ ಒಣ ದಿನಗಳಲ್ಲಿ ಮರ ಉಬ್ಬುವುದೇ?

"ಹೆಂಡತಿ ಮಗು ಎಲ್ಲಿ?" ಎಂದು ಕೇಳಿದರು.

"ತವರಿಗೆ ಹೋಗಿದ್ದಾಳೆ. ಸಣ್ಣ ಮಾತಾಯ್ತು."

ಅವನು ನೀರು ತರಲು ಹೋದಾಗ ಮೇಡಂ ಅವನ ಹೆಂಡತಿಗೆ ಫೋನ್ ಮಾಡಿದರು.

"ಮಾತೇ ಆಗಲಿಲ್ಲ ಅಕ್ಕಾ!" ಆ ಹುಡುಗಿ ಬಿಕ್ಕಿದಳು. "ಊಟ ಮಾಡ್ತಿದ್ದೋರು ಎದ್ದು ನನ್ನ ಸೀರೆ, ಮಗೂ ಬಟ್ಟೆ ಎಲ್ಲಾ ಗಂಟು ಕಟ್ಟಿದ್ರು. ಯಾಕೆ ಅಂದ್ರೆ, ನಿನ್ನ ಮುಖ ನೋಡಿ ಸಾಕಾಯ್ತು ಅಂದ್ರು. ಹಾಗಂದೋರು ಬಸ್ಸು ತಿರುವು ದಾಟೋವರೆಗೂ ರಸ್ತೇಲಿ ನಿಂತಿದ್ರು. ಬೇರೆ ಯಾರಾದ್ರೂ ಇದ್ದಾರಾ ಅಕ್ಕಾ? ನಿಮಗೆ ಗೊತ್ತಿದ್ರೆ ಹೇಳಿಬಿಡಿ."

"ನೋಡ್ತೀನಮ್ಮಾ" ಎಂದಷ್ಟೇ ಹೇಳಲಾಯಿತು ಅವರಿಗೆ.

ಕೇಂದ್ರದಲ್ಲಿ ಇನ್ನಿಬ್ಬರು ಇರಬೇಕಾಗಿತ್ತು, ನೀರುನಾಯಿಗಳ ಅಧ್ಯಯನ ಮಾಡುವ ಗಂಡ ಹೆಂಡತಿ. ಅವರೂ ಇಲ್ಲ. ಮರುದಿನ ಬೆಳಿಗ್ಗೆ ನದಿಗಿಳಿದಾಗ ಆಚೆ ದಡದಲ್ಲಿ ಡೇರೆ ಕಂಡಿತು. ಮೇಡಂ ಕೈಬೀಸಿದಾಗ ಹೆಂಡತಿ ರಬ್ಬರ್ ದೋಣಿ ಹುಟ್ಟುಹಾಕಿಕೊಂಡು ಬಂದಳು.

"ನಮ್ಮನ್ನ ಹೊರಗೆ ಹಾಕಿದ್ರು ಮೇಡಂ. ನೀರುನಾಯಿ ಹಿಕ್ಕೆ ವಾಸನೆ ತಡೆಯೋಕಾಗಲ್ಲವಂತೆ!"

"ಇಷ್ಟು ವರ್ಷ ತಡೆದನಲ್ಲ?"

"ಅದನ್ನೇ ನಾವೂ ಕೇಳಿದ್ವಿ. ನಮ್ಮ ಪೆಟ್ಟಿಗೆಗಳನ್ನ ತಾವೇ ಹೊತ್ತು ದೋಣಿಗೆ ಹಾಕಿದ್ರು. ಡೇರೆಗೆ ಜಾಗ ನೋಡಿಕೊಟ್ಟಿದ್ದೂ ಅವರೇ. ಇಲ್ಲಿ ನೀರುನಾಯಿ ಚೆನ್ನಾಗಿ ಕಾಣುತ್ತೆ ಅಂತ ಬೇರೆ ಹೇಳಿದ್ರು." ಆಕೆ ದನಿ ತಗ್ಗಿಸಿದಳು. "ಒಂದು ಮಾತು ಹೇಳಲಾ? ಅವರಿಗೆ ಅಲ್ಲಿ ಯಾರೂ ಇರಬಾರದು. ಏನು ಮಾಡ್ತಾರೋ, ಅದನ್ನ ಯಾರೂ ನೋಡಬಾರದು."

ಮೇಡಂ ಅವರ ಮನಸ್ಸೂ ಅದನ್ನೇ ಹೇಳುತ್ತಿತ್ತು. ಅಡುಗೆಯಾಕೆ ಹೋದಳು, ಹೆಂಡತಿ ಹೋದಳು, ಇವರಿಬ್ಬರೂ ಹೋದರು. ಇನ್ನು ತಾನು. ಸಾಕ್ಷಿಗಳನ್ನೆಲ್ಲ ಒಬ್ಬೊಬ್ಬರಾಗಿ ಓಡಿಸಿದ ಮೇಲೆ ಕಳ್ಳನಿಗೆ ಊರೇ ತನ್ನದು. ಉಪಗ್ರಹಗಳನ್ನು ಹಿಡಿದು ಜಾಗ ಹೇಳುವ ಯಂತ್ರವೊಂದು ಇಲ್ಲಿತ್ತು. ಅದೂ ಕೆಟ್ಟು ದುರಸ್ತಿಗೆ ಹೋಗಿದೆ ಎಂದಿದ್ದ. ಕೆಟ್ಟಿತೋ, ಕೆಡಿಸಿದನೋ?

ಆ ಮಧ್ಯಾಹ್ನ ಅವನ ಎದುರಿನಲ್ಲೇ ಯಂತ್ರವನ್ನು ಕಂಬದ ಮೇಲೆ ಕೂರಿಸಿದರು. ಸಾಕ್ಷಿಕಂಬ ನೋಡಿದರು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಗುಡ್ಡದ ಕಣ್ಣುಗಳನ್ನು ನೋಡಿದರು. ಅವನು ಕಳಿಸಿದ ವರದಿಯೇ ಸರಿ. ಹೋದ ಮಳೆಗಾಲಕ್ಕೆ ಹೋಲಿಸಿದರೆ ಗುಡ್ಡ ನಾಲ್ಕು ಬೆರಳಿನಷ್ಟು ಮೇಲಕ್ಕೂ ಹಿಂದಕ್ಕೂ ಹೋಗಿದೆ.

"ಅಂದ್ರೆ ನೀನು ತಿದ್ದಿಲ್ಲ" ಎಂದರು ಅವನ ಮುಖ ನೋಡುತ್ತ.

"ನಾನು ತಿದ್ದುತ್ತೀನಿ ಅಂತ ಬಂದಿರಾ ಅತ್ತಿಗೆ?"

ಮೇಡಂ ಯಂತ್ರವನ್ನು ಪೆಟ್ಟಿಗೆಗಿಟ್ಟರು. ಅಂಕಿ ತಿದ್ದಿಲ್ಲ, ಸರಿ. ಆದರೆ ಗುಡ್ಡ ಹತ್ತಿ ಗಾಜಿನ ಕಣ್ಣುಗಳನ್ನೇ ಕಿತ್ತು ನಾಲ್ಕು ಬೆರಳು ಮೇಲೆ ನೆಟ್ಟಿದ್ದರೆ? ಒಬ್ಬನೇ ಇರುವವನಿಗೆ ಅದೇನು ಮಹಾ ಕೆಲಸ?

ಅವನು ಪೇಟೆಗೆ ಹೋಗುವುದನ್ನು ಕಾದಿದ್ದು ಮಂಡಿನೋವನ್ನು ಶಪಿಸುತ್ತ ಗುಡ್ಡ ಹತ್ತಿದರು. ಒಂದೊಂದು ಕಣ್ಣಿನ ಬುಡವನ್ನೂ ಬಗ್ಗಿ ನೋಡಿದರು. ಸರಳಿನ ಸುತ್ತ ಸಿಮೆಂಟು ಹಳೆಯದೇ, ಪಾಚಿ ಕಟ್ಟಿದೆ, ಪಾಚಿ ಎಲ್ಲೂ ಬಿರಿದಿಲ್ಲ. ಆದರೂ ಸಮಾಧಾನವಾಗದೆ ಬುಡದಲ್ಲಿ ಸೀಸದ ಕಡ್ಡಿಯಿಂದ ಗೆರೆ ಎಳೆದು ಬಂದರು. ಆ ವಾರವೆಲ್ಲ ಅವನು ಹೊರಗೆ ಹೋದಾಗಲೊಮ್ಮೆ ಹತ್ತಿ ಗೆರೆ ನೋಡುವುದು, ಇಳಿದು ಅಳತೆ ಮಾಡುವುದು. ಗೆರೆ ಎಳೆದಲ್ಲೇ ಇತ್ತು. ಗುಡ್ಡ ಮಾತ್ರ ಯಂತ್ರದಲ್ಲಿ ಕೂದಲು ಕೂದಲಾಗಿ ಹತ್ತುತ್ತಲೇ ಇತ್ತು. ಗುಡ್ಡಪ್ಪನಿಗೆ ಎಲ್ಲ ಗೊತ್ತಿತ್ತೋ ಏನೋ. ಒಂದು ದಿನ ಅವರ ಚಪ್ಪಲಿಯ ಪಕ್ಕ ಊರುಗೋಲೊಂದನ್ನು ಒರಗಿಸಿಟ್ಟು, "ಮೇಲುಗಡೆ ಸಡಿಲ ಕಲ್ಲಿದೆ, ಜಾರುತ್ತೆ" ಎಂದಷ್ಟೇ ಹೇಳಿ ಹೋದ.

ಕೊನೆಗೆ ಒಂದು ಬೆಳಿಗ್ಗೆ, ಬ್ರೆಡ್ಡಿನ ಚೂರನ್ನು ಟೀಯಲ್ಲಿ ಅದ್ದಿಕೊಂಡು ಅಂಕಿಗಳನ್ನು ನೋಡುತ್ತಿದ್ದಾಗ ಮೇಡಂ ಅವರ ಕೈ ಲೋಟದ ಮೇಲೇ ನಿಂತಿತು. ಬ್ರೆಡ್ಡು ಕಳಚಿ ತಳ ಸೇರಿತು.

ಕೆಳಗಿನ ಮೆದುಮಣ್ಣಿನಲ್ಲಿ ನೆಟ್ಟ ಕಣ್ಣು ನಾಲ್ಕು ಬೆರಳು ಹತ್ತಿದೆ. ತುದಿಯ ಹೆಬ್ಬಂಡೆಯ ಮೇಲಿನದೂ ನಾಲ್ಕೇ ಬೆರಳು. ಹತ್ತಿರದ್ದೂ ಅಷ್ಟೇ, ದೂರದ್ದೂ ಅಷ್ಟೇ, ಎಲ್ಲವೂ ಒಂದೇ ದಿಕ್ಕಿಗೆ. ಗುಡ್ಡ ಎಂದಾದರೂ ಸಿಪಾಯಿಗಳ ಹಾಗೆ ಹೆಜ್ಜೆ ಸೇರಿಸಿ ನಡೆಯುತ್ತದೆಯೇ? ಮಣ್ಣು ಒಂದು ಹಾದಿ ಹಿಡಿದರೆ ಬಂಡೆ ಇನ್ನೊಂದು ಹಿಡಿಯುತ್ತದೆ. ನಿಲ್ದಾಣದಲ್ಲಿ ರೈಲಿನ ಕಿಟಕಿ ಪಕ್ಕ ಕೂತಾಗ ಎದುರಿನ ರೈಲು ಇಡಿಯಾಗಿ, ಒಂದೇ ಸಮ ಹಿಂದಕ್ಕೆ ಸರಿದರೆ ಏನು ಅರ್ಥ? ಹೊರಟಿರುವುದು ನಮ್ಮ ರೈಲು.

ಕಂಬ! ಯಜಮಾನರ ಕಂಬ. ಅದು ಕೆಳಗೆ ನದಿಯ ಕಡೆಗೆ ಇಳಿಯುತ್ತಿದ್ದರೆ ಮೇಲಿನ ಗುಡ್ಡ ಹತ್ತಿದಂತೆಯೇ ಕಾಣಬೇಕು. ಆದರೆ ಸಾಕ್ಷಿಕಂಬ? ಅದೂ ಇದೇ ಬಂಡೆಯ ಹಾಸಿನ ಮೇಲಿದೆ. ಬಂಡೆ ಜಾರಿದರೆ ಇಬ್ಬರೂ ಜೊತೆಗೇ ಜಾರುತ್ತಾರೆ. ಒಬ್ಬ ಇನ್ನೊಬ್ಬನ ಪರವಾಗಿ ಸಾಕ್ಷಿ ಹೇಳುತ್ತ ಇಳಿಯುತ್ತಾರೆ. ದೀಪದ ಬುಡದಲ್ಲೇ ಕತ್ತಲು. ಮತ್ತೆ ಅದೇ ಹಾಸಿನ ಮೇಲೆ ಈ ಕಟ್ಟಡ, ಆ ಎರಡು ಮನೆಗಳು, ಟೀ ಲೋಟ ಹಿಡಿದು ಕೂತಿರುವ ತಾನು!

ಹೊಂದದ ಬಾಗಿಲು, ಬೀಗ ಹಾಕಿದ ಕೋಣೆಗಳು, ಓಡಿಹೋಗಲು ಹತ್ತಿರವಾಗುವಂತೆ ಮುಂಬಾಗಿಲ ಪಕ್ಕ ಹಾಕಿದ ಮಂಚ. ಎಲ್ಲವೂ ಒಂದಕ್ಕೊಂದು ಕೂಡಿಕೊಂಡವು. ಮೇಡಂ ಎದ್ದು ಹೊರಗೆ ಬಂದರು.

ಗುಡ್ಡಪ್ಪ ಅಂಗಳದಲ್ಲಿ ಯಂತ್ರ ಒರೆಸುತ್ತಿದ್ದ.

"ನಿನಗೆ ಗೊತ್ತಿತ್ತು" ಎಂದರು ಮೇಡಂ.

ಅವನು ಬಟ್ಟೆ ಕೆಳಗಿಟ್ಟ. "ಏನು ಅತ್ತಿಗೆ?"

"ಗುಡ್ಡ ಹತ್ತುತ್ತಿಲ್ಲ. ನಾವು ಇಳೀತಿದ್ದೀವಿ."

ಅವನು ಹೊತ್ತ ಮೂಟೆ ಇಳಿಸಿದವನಂತೆ ಕಟ್ಟೆಯ ಮೇಲೆ ಕುಸಿದು ಕೂತ. "ಅನುಮಾನ ಇತ್ತು. ಗೊತ್ತು ಅನ್ನೋ ಹಾಗಿರಲಿಲ್ಲ."

"ಅದಕ್ಕೇ ಎಲ್ಲರನ್ನೂ ಓಡಿಸಿದೆ."

"ಗುಡ್ಡ ಬೀಳುತ್ತೆ, ಏಳಿ ಅಂದ್ರೆ ಯಾರು ಏಳ್ತಾರೆ ಅತ್ತಿಗೆ? ನಾನು ಗುಡ್ಡಪ್ಪ. ನಗ್ತಾರೆ, ಟೀ ಕುಡೀತಾರೆ, ಇಲ್ಲೇ ಇರ್ತಾರೆ. ಉಪ್ಪಿಲ್ಲ ಅಂದ್ರೆ ಸಿಟ್ಟು ಮಾಡ್ಕೊಂಡು ಹೋಗ್ತಾರೆ. ಬೈಸ್ಕೊಂಡೋರು ಬೇಗ ಹೋಗ್ತಾರೆ."

"ಆ ಹುಡುಗಿ ನಿನಗೆ ಇನ್ನೊಬ್ಬಳಿದ್ದಾಳೆ ಅಂತ ಅಳ್ತಿದ್ದಾಳೆ."

"ಅಳಲಿ. ಬದುಕಿದ್ದು ಅಳಲಿ."

ಮೇಡಂ ಅವರಿಗೆ ಅವನ ತಲೆ ನೇವರಿಸಬೇಕೆನಿಸಿತು. ಕೆನ್ನೆಗೆ ಬಾರಿಸಬೇಕೆಂದೂ ಅನಿಸಿತು. "ಕಚೇರಿಗೆ ಯಾಕೆ ಬರೀಲಿಲ್ಲ? ಕಂಬ ಜಾರಿರಬಹುದು ಅಂತ ಒಂದು ಸಾಲು?"

ಅವನು ಬಟ್ಟೆ ಎತ್ತಿಕೊಂಡು ಮಡಿಸತೊಡಗಿದ.

"ಬಾಯಿ ಬಿಡು."

"ಅದು ಅಣ್ಣನ ಕಂಬ" ಎಂದ. "ಅವರು ಈ ಬಂಡೆ ಆರಿಸಿದಾಗ ನಾನು ಪಕ್ಕದಲ್ಲಿದ್ದೆ. ಇದು ತಾಯಿಬಂಡೆ ಕಣೋ, ಪ್ರಳಯ ಬಂದರೂ ಅಲ್ಲಾಡಲ್ಲ ಅಂದಿದ್ರು. ಇಲಾಖೇಲಿ ಅವರ ಹೆಸರಲ್ಲಿ ಉಳಿದಿರೋದು ಇದೊಂದೇ. ಅದು ತಪ್ಪು ಅಂತ ನಾನು ಬರೆದು, ಅದಕ್ಕೆ ನೀವು ಸಹಿ ಹಾಕಬೇಕಾ? ದುರಸ್ತಿಗೆ ಹೋದ ಯಂತ್ರ ಬಂದ ಮೇಲೆ, ಖಾತ್ರಿ ಮಾಡ್ಕೊಂಡು ನಿಮಗೊಬ್ಬರಿಗೇ ಹೇಳೋಣ ಅಂತಿದ್ದೆ. ಅದು ಬರಲೇ ಇಲ್ಲ. ಅಷ್ಟರಲ್ಲಿ ನೀವೇ ಬಂದ್ರಿ, ನನ್ನ ಮೇಲೇ ಗುಮಾನಿ ಇಟ್ಕೊಂಡು."

"ಗುಮಾನಿ ಇಡದೆ ಇನ್ನೇನು ಮಾಡಲಿ? ನೀನು ನಡ್ಕೊಂಡಿದ್ದು ಹಾಗಿತ್ತು." ಅವರು ಯಂತ್ರದ ಪೆಟ್ಟಿಗೆ ಮುಂದಕ್ಕೆ ತಳ್ಳಿದರು. "ಈಗಲೂ ಇದೆ. ನೀನು ಹೇಳಿದ್ದನ್ನೂ ಅಳೆದು ನೋಡದೆ ನಂಬಲ್ಲ ನಾನು. ಏಳು, ಯಂತ್ರ ಹೊರು."

ಆಚೆ ದಡದಲ್ಲಿ, ಡೇರೆಯ ಹಿಂದೆ, ಗುಡ್ಡಕ್ಕೆ ಸಂಬಂಧವೇ ಇಲ್ಲದ ಕರಿಬಂಡೆಯೊಂದರಲ್ಲಿ ಹಿತ್ತಾಳೆಯ ಗುರುತೊಂದಿತ್ತು. ಕಂಬ ಹಾಕಿಸಿದಾಗ ಅದಕ್ಕೂ ಇದಕ್ಕೂ ಇದ್ದ ದೂರ, ಎತ್ತರ ಎರಡನ್ನೂ ಯಜಮಾನರು ಅಳೆದಿದ್ದರು. ಆಮೇಲೆ ಸೇತುವೆ ಕೊಚ್ಚಿಹೋಯಿತು. ಸುತ್ತಿ ಹೋಗುವುದು ದೂರವೆಂದು ಆ ಗುರುತನ್ನು ಎಲ್ಲರೂ ಮರೆತರು. ಅಂಗಳದಲ್ಲೇ ಸಾಕ್ಷಿ ಇರುವಾಗ ನದಿ ದಾಟುವವರು ಯಾರು? ಗುಡ್ಡಪ್ಪ ಮರೆತಿರಲಿಲ್ಲ. ಆದರೆ ಒಬ್ಬ ಆ ದಡದಲ್ಲಿ ಯಂತ್ರದ ಬಳಿ, ಇನ್ನೊಬ್ಬ ಈ ಕಂಬದ ಮೇಲೆ ಗಾಜು ಹಿಡಿದು ನಿಲ್ಲಬೇಕು. ಯಾರನ್ನು ಕರೆದರೂ ಗುಟ್ಟು ಹೇಳಬೇಕಾಗುತ್ತಿತ್ತು.

ನೀರುನಾಯಿಯವಳು ದೋಣಿ ತಂದಳು. ಮೇಡಂ ದಾಟಿದರು. ಕೇಂದ್ರದ ಅಂಗಳದಲ್ಲಿ ಅಣ್ಣನ ಕಂಬದ ಮೇಲೆ ಗಾಜಿನ ಕಣ್ಣನ್ನಿಟ್ಟು ಗುಡ್ಡಪ್ಪ ನಿಂತ. ಮೇಡಂ ಒಮ್ಮೆ ಅಳೆದರು. ಯಂತ್ರವನ್ನು ಇಳಿಸಿ, ಮತ್ತೆ ಕೂರಿಸಿ ಅಳೆದರು. ನೀರುನಾಯಿಯವಳ ಗಂಡನ ಕೈಯಲ್ಲೂ ಅಳೆಸಿದರು.

ಕಂಬ ನಾಲ್ಕು ಬೆರಳು ಕೆಳಗಿಳಿದಿತ್ತು. ನದಿಗೆ ಅಷ್ಟೇ ಹತ್ತಿರ ಬಂದಿತ್ತು.

"ಈಗ ಹೇಳು, ನಿಮ್ಮ ಸಾಮಾನು ವಾಸನೆ ಹೊಡೀತಿತ್ತಾ ಇಲ್ಲವಾ?" ಎಂದು ಕೇಳಿದರು ಮೇಡಂ, ಕಣ್ಣೊರೆಸಿಕೊಳ್ಳುತ್ತ.

ನೀರುನಾಯಿಯವಳು ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ, ನಾನು ಅವರನ್ನ ಏನೇನೋ ಅಂದ್ಕೊಂಡೆ ಮೇಡಂ."

"ನಾನೂ ಅಂದ್ಕೊಂಡೆ. ಮೊದಲು ಅವನನ್ನ ಈಚೆಗೆ ಕರ್ಕೊಂಡು ಬಾ. ಅಲ್ಲಿರೋ ಸಾಮಾನು ಹಾಳಾಗಿ ಹೋಗಲಿ."

ಅವನು ದಾಟಿ ಬರುವಷ್ಟರಲ್ಲಿ ಮೇಡಂ ನಿರ್ದೇಶಕರಿಗೆ ಫೋನ್ ಹಚ್ಚಿದ್ದರು.

"ತಿದ್ದಿದ್ದಾನೋ ಇಲ್ಲವೋ?" ಎಂದಿತು ಆ ಕಡೆಯ ದನಿ.

"ಇಲ್ಲ. ಒಂದು ಅಂಕಿಯನ್ನೂ ಮುಟ್ಟಿಲ್ಲ. ಕಂಬ ಜಾರಿದೆ, ಕೇಂದ್ರ ಇರೋ ಬಂಡೆಯೇ ಜಾರ್ತಿದೆ. ಇವತ್ತೇ ಖಾಲಿ ಅಂತ ಆಜ್ಞೆ ಕಳಿಸಿ. ನದಿಯ ಕೆಳಗಿನ ಊರುಗಳಿಗೂ ಹೇಳಿ. ಬಂಡೆ ನೀರಿಗೆ ಬಿದ್ದು, ನದಿ ಕಟ್ಟಿಕೊಂಡು, ಆಮೇಲೆ ಒಡೆದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ."

"ಆ ಕಂಬ..."

"ಹೌದು. ನಮ್ಮ ಯಜಮಾನರದ್ದು. ಜಾಗ ಆರಿಸಿದ್ದು ತಪ್ಪು, ಸಾಕ್ಷಿಯನ್ನ ಅದೇ ಬಂಡೆ ಮೇಲೆ ಇಟ್ಟಿದ್ದು ಇನ್ನೂ ದೊಡ್ಡ ತಪ್ಪು. ಹೆಸರು ಸಮೇತ ಬರೀತೀನಿ. ಅವರ ಪಾಠ ಓದಿಕೊಂಡು ಇನ್ನೆಷ್ಟು ಕಡೆ ಹೀಗೇ ಎರಡು ಕಂಬ ನೆಟ್ಟಿದ್ದಾರೋ, ಎಲ್ಲಾ ನೋಡಿಸಬೇಕು."

ಗುಡ್ಡಪ್ಪ ದೋಣಿಯಿಂದ ಇಳಿದು, ಒದ್ದೆ ಕಾಲಲ್ಲಿ ಕೇಳಿಸಿಕೊಳ್ಳುತ್ತ ನಿಂತಿದ್ದ. ಫೋನ್ ಇಟ್ಟ ಮೇಲೆ ಮೆಲ್ಲಗೆ ಹೇಳಿದ, "ಹೆಸರು ಬೇಕಿರಲಿಲ್ಲ ಅತ್ತಿಗೆ. ಕಂಬ ಜಾರಿದೆ ಅಂತ ಅಂದಿದ್ರೆ ಸಾಕಾಗಿತ್ತು."

"ನಿನ್ನ ಹೆಸರೂ ಬರೀತೀನಿ" ಎಂದರು ಮೇಡಂ. "ಅಂಕಿ ತಿದ್ದಿಲ್ಲ ಅಂತಾನೂ ಬರೀತೀನಿ, ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದ ಅಂತಾನೂ ಬರೀತೀನಿ. ಕೆಲಸ ಹೋಗಲ್ಲ. ಬೈಗುಳ ತಪ್ಪಲ್ಲ. ನೀನು ಮುಚ್ಚಿಟ್ಟಷ್ಟು ದಿನ ಕೆಳಗಿನ ಊರಿನವರಿಗೆ ಯಾರು ಉಪ್ಪಿಲ್ಲ ಅಂತ ಬೈದು ಎಬ್ಬಿಸೋರಿದ್ರು?"

ಅವನ ಮುಖ ಕಪ್ಪಿಟ್ಟಿತು. ಅದನ್ನು ಅವನು ಯೋಚಿಸಿಯೇ ಇರಲಿಲ್ಲವೆಂದು ಮೇಡಂ ಅವರಿಗೆ ಆಗ ಹೊಳೆಯಿತು. ತನ್ನವರನ್ನು ದಾಟಿಸುವುದರಲ್ಲೇ ಅವನ ಬುದ್ಧಿಯೆಲ್ಲ ತೀರಿಹೋಗಿತ್ತು.

ಅವರು ತಮ್ಮ ಫೋನನ್ನು ಅವನ ಕೈಗಿಟ್ಟರು.

"ಮೊದಲು ನಿನ್ನ ಹೆಂಡತಿಗೆ ಮಾಡು. ಆಮೇಲೆ ಇಬ್ಬರೂ ಕೂತು, ಕೆಳಗಿನ ಊರುಗಳಿಗೆ ಒಂದೊಂದಾಗಿ ಮಾಡೋಣ. ಈ ಸಲ ಯಾರು ನಕ್ಕರೂ ಫೋನ್ ಇಡಬೇಡ."